ಸರ್ಟಿಫಿಕೇಟಿನಲ್ಲಿ ಏನಿದೆ?

ನಮ್ಮ ಕಲಿಕಾ ಕೇಂದ್ರದ ಅಕ್ಕನಿಗೆ ಪೋಲಿಯೋದಿಂದ ಒಂದು ಕಾಲು ಸ್ವಾಧೀನವಿಲ್ಲ. "ದುಡಿಯೋ ವಯಸ್ಸು, ಕೈ ಗಟ್ಟಿ ಇದೆ. ನಿನಗ್ಯಾಕಮ್ಮ ಮಾಸಾಶನ?" ಅಂದರು ಊರವರು. ಆಸ್ಪತ್ರೆಯ ಸರ್ಟಿಫಿಕೇಟು ಟ್ರಂಕಿನಲ್ಲೇ ಉಳೀತು.

ಮೊನ್ನೆ ಅದನ್ನು ತಂದಳು. ಕೂಡಿ ಓದಿದೆವು. ಶೇಕಡ 50 ಅಂತಿತ್ತು. ಶೇಕಡ ಅಂದರೆ ನೂರಕ್ಕೆ.

ಇದು ಮುದುಕರ ಪಿಂಚಣಿ ಅಲ್ಲ. ಅಂಗವಿಕಲತೆ ಶೇಕಡ 40 ಇದ್ದರೆ ಕರ್ನಾಟಕದಲ್ಲಿ ಅರ್ಜಿ ಹಾಕಬಹುದು. ಮನೆಯ ವರಮಾನಕ್ಕೆ ಮಿತಿ ಉಂಟು. ತಿಂಗಳಿಗೆ 600 ರೂಪಾಯಿ ಇದ್ದದ್ದು 2021ರಲ್ಲಿ 800 ಆಯಿತು. ಶೇಕಡ 75 ದಾಟಿದವರಿಗೆ ಇನ್ನೂ ಹೆಚ್ಚು.

ಸರ್ಟಿಫಿಕೇಟು, ಆಧಾರ್, ಪಾಸ್‌ಬುಕ್ ಹಿಡಿದು ನಾಡಕಚೇರಿಗೆ ಹೋದೆವು. ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ. ಹೆಸರು ಬರೆದಳು. ಒಂದು ಒತ್ತಕ್ಷರ ತಪ್ಪಿತು. ಗುಮಾಸ್ತರು ಏನೂ ಅನ್ನಲಿಲ್ಲ.