ದೊರೆಗಳ ಬಂಗಲೆ ಸಾಮಾನು: ಬೆಳೆಗಾರರಿಗೊಂದು ಪಾಠ

ಕಾಫಿ ಬೆಳೆಯ ಚರಿತ್ರೆಯನ್ನು ನಾವು ಎಕರೆ, ಇಳುವರಿ, ಧಾರಣೆಗಳ ಲೆಕ್ಕದಲ್ಲಿ ಓದುವುದೇ ಹೆಚ್ಚು. ಈ ಸಲದ ಅಧ್ಯಯನ ಪಾಠದಲ್ಲಿ ಅದನ್ನು ಮನೆಸಾಮಾನಿನ ಕಡೆಯಿಂದ ನೋಡೋಣ. ಅದಕ್ಕೆ ಕಾರಣವಿದೆ. ಬೆಳೆಗಾರರ ಮಕ್ಕಳು ಅನೇಕರು ಇಂದು ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನೆಲೆಸಿದ್ದಾರೆ. ಅಲ್ಲಿ ಮನೆ ಕಟ್ಟುವಾಗ, ಮದುವೆ ಮಾಡುವಾಗ "ನಾಲ್ಕು ಜನ ಏನೆಂದಾರು?" ಎಂಬ ಮಾತು ಮುಂದೆ ಬರುತ್ತದೆ, ಅದರ ಹಿಂದೆಯೇ ಊರಿನ ತೋಟದ ಮೇಲೆ ಸಾಲವೂ ಬರುತ್ತದೆ. ಸಾಮಾನಿನಿಂದ ಮನುಷ್ಯನ ಸ್ಥಾನ ಅಳೆಯುವ ಈ ವಾಡಿಕೆಯನ್ನು ನಮ್ಮ ಸೀಮೆಯಲ್ಲಿ ಬಹು ಸ್ಪಷ್ಟವಾಗಿ ತೋರಿಸಿದವರು ಬಿಳಿಯ ಪ್ಲಾಂಟರುಗಳು.

ಬಂದವರು, ತಂದದ್ದು

ಕೊಡಗು ಕಂಪನಿ ಸರ್ಕಾರದ ವಶವಾದದ್ದು 1834ರಲ್ಲಿ. ಇಪ್ಪತ್ತು ವರ್ಷದ ಮೇಲೆ, 1854ರಲ್ಲಿ, ಫೌಲರ್ ಎಂಬವರು ಮಡಿಕೇರಿಯಲ್ಲಿ ತೋಟ ತೆರೆದರು. ಮೈಸೂರು ಸೀಮೆಯ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರದ ಕಡೆಗೆ, ರಾಬರ್ಟ್ ಎಲಿಯಟ್ ಬಂದದ್ದು 1856ರಲ್ಲಿ. ಮೊದಮೊದಲು ಇಂಥವರ ವಾಸ ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಗುಡಿಸಲಿನಲ್ಲೇ. ಹೊರಗಿನಿಂದ ನೋಡಿದರೆ ರೈತನ ಮನೆಗೂ ಅದಕ್ಕೂ ಹೆಚ್ಚು ಅಂತರವಿರಲಿಲ್ಲ. ಅಂತರ ತೋರಿಸಬೇಕಾದದ್ದು ಒಳಗಿನ ಸಾಮಾನು: ಮೇಜು, ಕುರ್ಚಿ, ಪಿಂಗಾಣಿ ಬಟ್ಟಲು, ಚಾಕು-ಚಮಚ. ಬಂಗಲೆಗಳು ಎದ್ದ ಮೇಲೆ ಪಿಯಾನೊ ಕೂಡ ಘಟ್ಟ ಹತ್ತಿತು.

ಮೈಸೂರಿಗೆ ರೈಲು ಬಂದದ್ದು 1882ರಲ್ಲಿ. ಆಮೇಲೆ ಬೆಂಗಳೂರಿನ ಪೆಟ್ಟಿಗೆಗಳು ಕೆಂಗೇರಿ ದಾಟಿ ಮೈಸೂರಿನವರೆಗೆ ಸಲೀಸಾಗಿ ಬರುವಂತಾದವು. ಅಲ್ಲಿಂದ ಕೊಡಗಿಗೆ ಎತ್ತಿನ ಗಾಡಿಯೇ ಗತಿ. ಮಲೆನಾಡಿನ ಆಷಾಢದಲ್ಲಿ ಚರ್ಮದ ಸಾಮಾನಿಗೆ ಬೂಷ್ಟು ಹಿಡಿಯುವುದು, ಮರ ಉಬ್ಬುವುದು ನಮಗೆ ಗೊತ್ತೇ ಇದೆ. ಅಂಥ ಹವೆಯಲ್ಲಿ ಆ ವಸ್ತುಗಳನ್ನು ಒರೆಸಿ, ಒಣಗಿಸಿ ಕಾಪಾಡಿದವರು ಬಂಗಲೆಯ ಆಳುಗಳು. ದೊರೆಯ ಸ್ಥಾನವನ್ನು ಹೇಳುತ್ತಿದ್ದುದು ವಸ್ತುವೊಂದೇ ಅಲ್ಲ. ಅದನ್ನು ನೋಡಿಕೊಳ್ಳಲು ಇನ್ನೊಬ್ಬನಿದ್ದಾನೆ ಎಂಬುದೂ ಅದನ್ನೇ ಹೇಳುತ್ತಿತ್ತು.

ಟೋಪಿ ಮತ್ತು ಕೋವಿ

ತಲೆಯ ಮೇಲಿನ ಬೆಂಡಿನ ಟೋಪಿಯನ್ನು ನೋಡಿ. ಈ ದೇಶದ ಬಿಸಿಲು ಬಿಳಿಯರ ತಲೆಗೆ ಅಪಾಯವೆಂದು ಅಂದಿನ ವೈದ್ಯರೇ ನಂಬಿದ್ದರು. ಹಾಗಾಗಿ ಟೋಪಿ ಮೊದಲು ಆರೋಗ್ಯದ ವಸ್ತು. ಬರಬರುತ್ತ ಅದೇ ದೊರೆತನದ ಗುರುತಾಯಿತು. ಅದೇ ತೋಟದಲ್ಲಿ ದಿನವಿಡೀ ನಿಂತು ದುಡಿಯುತ್ತಿದ್ದವರ ತಲೆಗೆ ಬಿಸಿಲಿನಲ್ಲಿ ಒಂದು ವಸ್ತ್ರ, ಮಳೆಗಾಲಕ್ಕೆ ಗೊರಬು ಅಥವಾ ಕಂಬಳಿ ಕೊಪ್ಪೆ. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಆ ವೈದ್ಯಕೀಯ ನಂಬಿಕೆ ಬಿದ್ದುಹೋಯಿತು, ಟೋಪಿಯೂ ಮೂಲೆ ಸೇರಿತು.

ಕೋವಿಯ ಕಥೆ ಬೇರೆ. 1878ರ ಶಸ್ತ್ರಾಸ್ತ್ರ ಕಾಯಿದೆಯಂತೆ ಬ್ರಿಟಿಷ್ ಆಡಳಿತದ ಪ್ರದೇಶಗಳಲ್ಲಿ ಸಾಮಾನ್ಯ ಭಾರತೀಯನಿಗೆ ಕೋವಿ ಇಡಲು ಪರವಾನಗಿ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ಕೊಡಗಿನಲ್ಲಾದರೋ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ದೊರೆಯಿತು. ಪ್ಲಾಂಟರನ ಬಂಗಲೆಯಲ್ಲಿ ಕೋವಿ ಶಿಕಾರಿಯ ಕೊಂಬು, ಚರ್ಮಗಳ ಜೊತೆಗಿತ್ತು. ಕೊಡವರ ಮನೆಯಲ್ಲಿ ಅದು ಕೈಲ್‌ಪೊಳ್ದಿನಂದು ಪೂಜೆಗೊಳ್ಳುವ ಆಯುಧ. ಗಂಡು ಮಗು ಹುಟ್ಟಿದಾಗ ಒಂದು ಗುಂಡು, ಸಾವಾದಾಗ ಎರಡು ಗುಂಡು ಹಾರಿಸುವ ಪದ್ಧತಿಯ ಅಂಗ. ವಸ್ತು ಒಂದೇ, ಅರ್ಥ ಎರಡು. ಒಬ್ಬನಿಗೆ ಅದು ತಾನು ಸುತ್ತಲಿನವರಿಂದ ಬೇರೆ ಎಂಬ ಗುರುತು, ಇನ್ನೊಬ್ಬನಿಗೆ ತಾನು ಇಂಥ ಕುಲದವನು ಎಂಬ ಗುರುತು.

ಗುರುತು ಕೈದಾಟಿದಾಗ

ಕೊಂಡ ಗುರುತಿಗೆ ಒಂದು ದೌರ್ಬಲ್ಯವಿದೆ: ಎಲ್ಲರ ಕೈಗೂ ಸಿಕ್ಕಿತೆಂದರೆ ಅದು ಗುರುತಾಗಿ ಉಳಿಯುವುದಿಲ್ಲ. ಇಂದಿನ ವಿಜಯನಗರಕ್ಕೆ ಸಮೀಪದ ಬಿನ್ನಿಪೇಟೆಯಲ್ಲಿದ್ದ ಬಿನ್ನಿ ಗಿರಣಿಯ ಆರಂಭ 1884ರಲ್ಲಿ. ಅಲ್ಲಿನ ಕಾಕಿ ಬಟ್ಟೆ, ಉಣ್ಣೆ ಕಂಬಳಿಗಳು ಹೆಸರಾಗಿದ್ದವು. ಕಾಕಿ ಅಂಗಡಿಯಲ್ಲಿ ಸಿಗುವಂತಾದ ಮೇಲೆ ಅದು ದೊರೆಗೊಬ್ಬನಿಗೇ ಮೀಸಲಾಗಿ ಉಳಿದೀತೇ? ಹೊಸ ಬೇಲಿ ಬೇಕಾಗುತ್ತದೆ. ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು ಹುಟ್ಟಿದ್ದು 1893ರಲ್ಲಿ. ಬಟ್ಟೆಯನ್ನು ಯಾರೂ ಕೊಳ್ಳಬಹುದು, ಅಂದಿನ ಕ್ಲಬ್ಬಿನ ಕುರ್ಚಿಯನ್ನು ಹಾಗೆ ಕೊಳ್ಳಲಾಗುತ್ತಿರಲಿಲ್ಲ.

ತೋಟ ಸೋತಾಗ ಈ ಸಾಮಾನು ನೆರವಿಗೆ ಬರಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳು ಕೊಡಗು, ವೈನಾಡುಗಳಲ್ಲಿ ಅನೇಕ ತೋಟಗಳನ್ನು ಪಾಳುಗೆಡವಿತು. 1869ರಲ್ಲಿ ಸಿಂಹಳದಲ್ಲಿ ಕಂಡ ಎಲೆ ತುಕ್ಕು ರೋಗ ಅಲ್ಲಿನ ಕಾಫಿಯನ್ನು ಮುಗಿಸಿ ಚಹಾಕ್ಕೆ ದಾರಿ ಮಾಡಿತು. ನಮ್ಮ ಕಡೆಗೂ ಹಬ್ಬಿತು. ಬೆಳೆಯ ಮೇಲೆ ಮುಂಗಡ ತಂದಿದ್ದವರಿಗೆ ಗಿಡ ಹೋದರೂ ಸಾಲ ಉಳಿಯಿತು. ಮುಂದೆ 1947ರ ನಂತರ ಅನೇಕ ಯುರೋಪಿಯನ್ನರು ತೋಟಗಳನ್ನು ಇಲ್ಲಿನವರಿಗೆ ಮಾರಿ ಹೊರಟರು. ಒಂದು ಕಾಲಕ್ಕೆ ಅವರನ್ನು ಬೇರೆಯವರೆಂದು ಸಾರುತ್ತಿದ್ದ ಮೇಜು-ಕುರ್ಚಿಗಳಲ್ಲಿ ಎಷ್ಟೋ ಇಲ್ಲಿನವರ ಮನೆಯ ಸಾಮಾನಾದವು.

ಉಳಿದದ್ದು ಯಾವುದು?

ಕೆಂಟ್ ಎಂಬ ಪ್ಲಾಂಟರನ ಹೆಸರು ನಮ್ಮಲ್ಲಿ ಇನ್ನೂ ಉಳಿದಿದೆ. ಅದು ಉಳಿದದ್ದು ಅವನ ಬಂಗಲೆಯಿಂದಲ್ಲ. 1911ರಲ್ಲಿ ಅವನು ಮೈಸೂರು ಸೀಮೆಯ ತೋಟದಲ್ಲಿ ತುಕ್ಕು ತಡೆಯುವ ಒಂದು ಗಿಡವನ್ನು ಗುರುತಿಸಿ ಬೀಜ ಉಳಿಸಿದ. ಅದೇ ಕೆಂಟ್ಸ್ ತಳಿ. ತುಕ್ಕಿನ ಹೊಸ ಬಗೆಗಳ ಎದುರು ಅದರ ಶಕ್ತಿ ಕುಂದಿತಾದರೂ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರ ಅದನ್ನು ಎಸ್. 288ರೊಡನೆ ಕೂಡಿಸಿ ಎಸ್. 795 ತಳಿಯನ್ನು ಕೊಟ್ಟಿತು. ಎರಡೆಕರೆಯ ಬೆಳೆಗಾರನಿಗೂ ಅದು ತಲುಪಿತು. ಬೇರೆಯಾಗಿ ಕಾಣಲು ತಂದ ವಸ್ತುಗಳು ಚದುರಿದವು, ಎಲ್ಲರಿಗೂ ಹಂಚಿಹೋದ ಬೀಜ ಉಳಿಯಿತು.

ಒಳ್ಳೆಯ ಮನೆ, ಒಳ್ಳೆಯ ಬಟ್ಟೆ ಬೇಡವೆಂದು ನಾವು ಹೇಳುತ್ತಿಲ್ಲ. ದುಡಿದವನಿಗೆ ಅದರ ಹಕ್ಕಿದೆ. ಆದರೆ ನೆರೆಯವರ ಕಣ್ಣಿಗಾಗಿ ಕೊಂಡದ್ದಕ್ಕೆ ತೋಟವನ್ನು ಒತ್ತೆ ಇಡುವ ಮುನ್ನ ಮೇಲಿನ ಲೆಕ್ಕವನ್ನು ನೆನೆಯುವುದು ಕ್ಷೇಮ.

ಚರ್ಚೆಗೆ

1. ನಮ್ಮ ಮನೆಯ ಯಾವ ವಸ್ತು ಬಳಕೆಗೆ, ಯಾವುದು ತೋರಿಕೆಗೆ?
2. ಕಳೆದ ಐದು ವರ್ಷದ ಸಾಲದಲ್ಲಿ ಗಿಡಕ್ಕೆ, ಗೊಬ್ಬರಕ್ಕೆ, ನೀರಿಗೆ ಹೋದದ್ದೆಷ್ಟು?
3. ಎರಡು ವರ್ಷ ಸತತ ಬೆಳೆ ಕೈಕೊಟ್ಟರೆ ಮೊದಲು ಮಾರಬೇಕಾಗುವುದು ಯಾವುದು?

ಮನೆಮಂದಿಯೆಲ್ಲ ಕೂತು, ಪಟ್ಟಣದಲ್ಲಿರುವ ಮಕ್ಕಳನ್ನೂ ಸೇರಿಸಿಕೊಂಡು ಇದನ್ನು ಚರ್ಚಿಸಿದರೆ ಈ ಪಾಠ ಸಾರ್ಥಕ.