ಸೇನೆಯಲ್ಲಿ ಕಿರುಕುಳ: ಮೂರು ತಿಂಗಳು ಮೀರುವ ಮೊದಲು ಬರೆದು ಕೊಡಿ

ಸೇನೆ ಸೇರಿದ ಮಗಳನ್ನು ಮೇಲಧಿಕಾರಿ ಕಾಡುತ್ತಿದ್ದಾನೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ತಂದೆ-ತಾಯಿ ವಕೀಲರ ಬಳಿ ಬರುವಷ್ಟರಲ್ಲಿ ಗಡುವು ದಾಟಿರುತ್ತದೆ. "ದೊಡ್ಡ ಸಾಹೇಬರಿಗೆ ಹೇಳ್ಯಾಳ್ರಿ, ನೋಡ್ತೀನಿ ಅಂದಾರ" ಎನ್ನುತ್ತಾರೆ. ಬಾಯಲ್ಲಿ ಹೇಳಿದ್ದು ದೂರಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ.

ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸೇನೆಗೂ ಅನ್ವಯಿಸುತ್ತದೆ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಆಂತರಿಕ ದೂರು ಸಮಿತಿಗೆ ಲಿಖಿತ ದೂರು ಹೋಗಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳು ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಕೋಲ್ಕತ್ತಾದ ಪ್ರಾಧ್ಯಾಪಕಿಯೊಬ್ಬರ ಪ್ರಕರಣದಲ್ಲಿ ಕೊನೆಯ ಘಟನೆ 2023ರ ಏಪ್ರಿಲ್, ದೂರು ಡಿಸೆಂಬರ್. ಅವಧಿ ಮೀರಿದೆ ಎಂದು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ಎಕ್ಸರ್‌ಸೈಜ್ ಮುಗೀಲಿ, ವರ್ಗ ಮಾಡಿಸ್ತೀನಿ" ಎಂದು ದಿನ ದೂಡುವ ಅಧಿಕಾರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿರುತ್ತದೆ. ಅವನ ಮಾತು ನಂಬಿ ಕೂರಬೇಡಿ.

ದೂರಿನಲ್ಲಿ ದಿನ, ಜಾಗ, ಆಡಿದ ಮಾತು, ಸಾಕ್ಷಿಗಳ ಹೆಸರು ಬರೆಯಿರಿ. ಆರು ಪ್ರತಿ ಬೇಕು. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಕೊಡದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮಗಳಿಂದ ಆಗದಿದ್ದರೆ, ಅವಳ ಲಿಖಿತ ಒಪ್ಪಿಗೆ ಪಡೆದು ವಿಷಯ ಗೊತ್ತಿರುವ ನೀವೇ ಕೊಡಬಹುದು. ವಿಚಾರಣೆ ನಡೆಯುವಾಗ ವರ್ಗಾವಣೆ ಅಥವಾ ಮೂರು ತಿಂಗಳವರೆಗೆ ರಜೆ ಕೇಳುವ ಹಕ್ಕು ಅವಳಿಗಿದೆ, ಲಿಖಿತವಾಗಿ ಕೇಳಬೇಕು. ರಾಜಿ ಅವಳೇ ಕೇಳಿದರೆ ಮಾತ್ರ, ಅದೂ ಹಣದ ಮೇಲಲ್ಲ. ಹಣ ಕೊಡಿಸಿ ಮುಗಿಸುತ್ತೇನೆಂದು ಬರುವ ಮಧ್ಯಸ್ಥರನ್ನು ಬಾಗಿಲಿಂದಲೇ ಕಳಿಸಿ.

ಆದರೆ ಬೈಗುಳ, ಹೊಡೆತ, ದುರುದ್ದೇಶದ ಶಿಕ್ಷೆ ಲೈಂಗಿಕ ಸ್ವರೂಪದ್ದಲ್ಲದಿದ್ದರೆ ಈ ಸಮಿತಿಗೆ ಬರುವುದಿಲ್ಲ. ಕೈಕೆಳಗಿನವರನ್ನು ಹಿಂಸಿಸುವುದು 1950ರ ಸೇನಾ ಕಾಯ್ದೆಯ 47ನೇ ಕಲಮಿನಡಿ ಅಪರಾಧ, ಏಳು ವರ್ಷದವರೆಗೆ ಶಿಕ್ಷೆಯಿದೆ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ಗೆ ಬೇರೆ ಕಾಯ್ದೆಗಳು. ಅವರು ಸೇನೆಯವರಂತೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗುವಂತಿಲ್ಲ, ಹೈಕೋರ್ಟಿಗೆ ಹೋಗಬೇಕು. ಈ ಎರಡು ದಾರಿಗಳನ್ನೂ ಬೆರೆಸಿ ಅರ್ಜಿ ಹಾಕಿಸಿ ಫೀ ತಿನ್ನುವವರಿದ್ದಾರೆ.

ಸಮಿತಿಯ ಬಾಗಿಲು ಮುಚ್ಚಿದರೂ ಪೊಲೀಸ್ ಠಾಣೆ ಉಳಿಯುತ್ತದೆ. ಘಟನೆ ಜಮ್ಮುವಿನಲ್ಲಿ ನಡೆದಿದ್ದರೂ ರಜೆಗೆ ಬಂದವಳು ಬ್ಯಾಡಗಿ ಠಾಣೆಯಲ್ಲೇ ದೂರು ಕೊಡಬಹುದು. "ನಮ್ಮ ಹದ್ದಿಗೆ ಬರೋದಿಲ್ಲ" ಎನ್ನುವ ಮಾತಿಗೆ ಈಗ ಕಾನೂನಿನ ಬಲವಿಲ್ಲ. ಹಾಗೆಂದರೆ ದೂರನ್ನು ಅಂಚೆಯಲ್ಲಿ ಎಸ್ಪಿಗೆ ಕಳಿಸಿ. ಆದರೂ ಆ ಪ್ರಕರಣವನ್ನು ಕೋರ್ಟ್ ಮಾರ್ಷಲ್‌ಗೆ ಕೊಡಿರೆಂದು ಸೇನೆ ಕೇಳಬಹುದು. ವಾಟ್ಸಾಪಿನಲ್ಲಿ, ಪತ್ರಿಕೆಯಲ್ಲಿ ಹಾಕಬೇಡಿ, ಸೇನಾ ನಿಯಮ ಅವಳ ಮೇಲೇ ತಿರುಗುತ್ತದೆ.

2005ರಲ್ಲಿ ಬೆಂಗಳೂರಿನಲ್ಲಿದ್ದ ವಾಯುಪಡೆಯ ಫ್ಲೈಯಿಂಗ್ ಆಫೀಸರ್ ಅಂಜಲಿ ಗುಪ್ತಾ ಮೇಲಧಿಕಾರಿಗಳ ಮೇಲೆ ಕಿರುಕುಳದ ದೂರು ಕೊಟ್ಟರು. ಆ ದೂರು ನಿಲ್ಲಲಿಲ್ಲ, ಬೇರೆ ಆಪಾದನೆಗಳ ಮೇಲೆ ಕೋರ್ಟ್ ಮಾರ್ಷಲ್ ಆಗಿ ವಜಾ ಆದವರು ಅವರೇ. ಆಗ 2013ರ ಕಾಯ್ದೆ ಇರಲಿಲ್ಲ. ಈಗ, ಸಾಬೀತು ಮಾಡಲಾಗಲಿಲ್ಲವೆಂಬ ಒಂದೇ ಕಾರಣಕ್ಕೆ ದೂರುದಾರಳನ್ನು ಶಿಕ್ಷಿಸುವಂತಿಲ್ಲ.

2021ರ ಮೇನಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಈಗ ಸೇರುವವರು ಅಗ್ನಿವೀರರು. ನಾಲ್ಕು ವರ್ಷದ ಮೇಲೆ ಉಳಿಯುವುದು ಹೆಚ್ಚೆಂದರೆ ಶೇ. 25 ಮಂದಿ. ಉಳಿಸುವವನೇ ಕಾಡುವವನಾದರೆ ಹುಡುಗಿ ಬಾಯಿ ಬಿಡುವುದಿಲ್ಲ. ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ. ವೈದ್ಯರಿಗೆ ತೋರಿಸಿ, ಚೀಟಿ ಇಟ್ಟುಕೊಳ್ಳಲಿ. ಪರಿಹಾರ ನಿಗದಿ ಮಾಡುವಾಗ ಮಾನಸಿಕ ಆಘಾತ, ಕೈತಪ್ಪಿದ ಬಡ್ತಿ, ಚಿಕಿತ್ಸೆಯ ಖರ್ಚು ಎಲ್ಲವನ್ನೂ ನೋಡಬೇಕೆಂದು 2013ರ ಕಾಯ್ದೆಯ 15ನೇ ಕಲಮು ಹೇಳುತ್ತದೆ.

ವಕೀಲರ ಕಚೇರಿಯ ಮೆಟ್ಟಿಲು ಹತ್ತಲು ಅಂಜಿಕೆಯಾದರೆ 15100ಕ್ಕೆ ಫೋನ್ ಮಾಡಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಮಗಳು ಫೋನಿನಲ್ಲಿ ಅತ್ತ ದಿನವೇ ತಾರೀಖು ಹಾಕಿ ಬರೆಸಿರಿ.