ಉಲ್ಕೆ ಬಿದ್ದದ್ದಕ್ಕೆ ಸಾಕ್ಷಿ ಯಾವುದು?

ಮೊದಲು ಒಂದು ತಿದ್ದುಪಡಿ. ಕಳೆದ ವರ್ಷದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಮ್ಮ ದೊಡ್ಡೇರಿ ಕಡೆಯ ಬಂಡೆಯೊಂದರ ಮೇಲಿರುವ ದೊಣೆಯ ಫೋಟೋ ಅಂಟಿಸಿ, ಇದು ಉಲ್ಕೆ ಬಿದ್ದು ಆದ ಕುಳಿ ಎಂದು ನಾನು ವಿವರಿಸಿದ್ದೆ. ಚಿಕ್ಕಂದಿನಿಂದ ಕೇಳಿದ ಮಾತು, ನಂಬಿದ್ದೆ. ನೋಡಲು ಬಂದಿದ್ದ ಹೈಸ್ಕೂಲು ಮಕ್ಕಳು ಬರೆದುಕೊಂಡೂ ಹೋದರು. ಅದು ತಪ್ಪು. ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು, ಗ್ರಾನೈಟಿನ ಫೆಲ್ಡ್‌ಸ್ಪಾರ್ ನಿಧಾನವಾಗಿ ಜೇಡಿಯಾಗಿ, ಕಾಳು ಸಡಿಲವಾಗಿ ದೊಣೆ ಆಗುತ್ತದೆ.

ಹಾಗಾದರೆ ನಿಜವಾಗಿ ಉಲ್ಕೆ ಅಪ್ಪಳಿಸಿದೆ ಎಂದು ಹೇಗೆ ತಿಳಿಯುವುದು? ಗುಂಡಿಯ ಆಕಾರ ನಂಬಬೇಡಿ. ಕಲ್ಲಿನೊಳಗಿನ ಖನಿಜ ನೋಡಬೇಕು.

ನಮ್ಮ ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಸಿಲಿಕಾನ್ ಡೈಆಕ್ಸೈಡ್. ಅದರ ಸಾಂದ್ರತೆ 2.65. ಅದನ್ನೇ ಭಾರೀ ಒತ್ತಡದಲ್ಲಿ ಹಿಸುಕಿದರೆ ಪರಮಾಣುಗಳು ಒತ್ತಾಗಿ ಕೂತು ಕೋಸೈಟ್ ಆಗುತ್ತದೆ, ಸಾಂದ್ರತೆ ಸುಮಾರು 2.9. ಇನ್ನೂ ಹಿಸುಕಿದರೆ ಸ್ಟಿಶೊವೈಟ್, ಸುಮಾರು 4.3. ಇದರಲ್ಲಿ ಪ್ರತಿ ಸಿಲಿಕಾನ್ ಸುತ್ತ 4ರ ಬದಲು 6 ಆಕ್ಸಿಜನ್. ಸೂತ್ರ ಮಾತ್ರ ಅದೇ! ಗ್ರಾಫೈಟ್ ಮತ್ತು ವಜ್ರದ ಪಾಠ ನೆನಪಿಸಿಕೊಳ್ಳಿ. ಕೋಸೈಟ್ 1953ರಲ್ಲಿ ಮೊದಲು ತಯಾರಾದದ್ದು ಪ್ರಯೋಗಾಲಯದಲ್ಲಿ. 1960ರಲ್ಲಿ ಅಮೆರಿಕದ ಅರಿಜೋನಾದ ಉಲ್ಕಾಕುಳಿಯಲ್ಲಿ ನಿಸರ್ಗದ್ದೇ ಸಿಕ್ಕಿತು. ಆದರೆ ಕೋಸೈಟ್ ಒಂದೇ ಸಾಕಾಗದು. ಲಡಾಖ್‌ನ ತ್ಸೊ ಮೊರಿರಿ ಬಳಿಯೂ ಅದು ಇದೆ. ಅಲ್ಲಿ ಭೂಫಲಕ ಆಳಕ್ಕೆ ಜಾರಿದಾಗ ಆದದ್ದು. ಕ್ವಾರ್ಟ್ಜ್ ಕಾಳಿನಲ್ಲಿ ಸೂಕ್ಷ್ಮದರ್ಶಕಕ್ಕೆ ಮಾತ್ರ ಕಾಣುವ ಒತ್ತೊತ್ತಾದ ಸಮಾನಾಂತರ ಗೆರೆಗಳಿವೆಯಲ್ಲ, ಅವು ಹೆಚ್ಚು ಗಟ್ಟಿ ಸಾಕ್ಷಿ. ಅದಕ್ಕೆ ಸುಮಾರು ಒಂದು ಲಕ್ಷ ವಾತಾವರಣದಷ್ಟು ಒತ್ತಡ, ಅದೂ ಕ್ಷಣಮಾತ್ರದಲ್ಲಿ ಬೇಕು. ಜ್ವಾಲಾಮುಖಿಗೆ ಆ ಶಕ್ತಿಯಿಲ್ಲ. ನಮ್ಮ ಕಡೆಯ ಕ್ವಾರಿ ಸಿಡಿತವೂ ಬಂಡೆ ಒಡೆಯುತ್ತದೆಯೇ ಹೊರತು ಹೀಗೆ ಗೆರೆ ಎಳೆಯುವುದಿಲ್ಲ.

ಮಹಾರಾಷ್ಟ್ರದ ಲೋನಾರ್ ಕುಳಿ ಸುಮಾರು 1.8 ಕಿ.ಮೀ. ಅಗಲ. ಅಲ್ಲಿಯ ಕಪ್ಪು ಬಸಾಲ್ಟ್‌ನಲ್ಲಿ ಹುಡುಕಲು ಬೆಣಚೇ ಇಲ್ಲ! ಆದರೆ ಫೆಲ್ಡ್‌ಸ್ಪಾರ್ ಇದೆ. ಆಘಾತಕ್ಕೆ ಅದು ಕರಗಿ ಹರಿಯದೆ, ಹರಳಿನ ಹೊರ ಆಕಾರ ಹಾಗೇ ಉಳಿದು, ಒಳಗೆ ಗಾಜಾಗುತ್ತದೆ. ಅದೇ ಮಾಸ್ಕೆಲಿನೈಟ್. ಸ್ಫಟಿಕ ಘನ, ಅಸ್ಫಟಿಕ ಘನ ಎಂದು ಬಾಯಿಪಾಠ ಮಾಡುತ್ತೇವಲ್ಲ, ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇದನ್ನು 1872ರಲ್ಲಿ ಚೆರ್ಮಾಕ್ ಮೊದಲು ಗುರುತಿಸಿದ್ದು ಬಿಹಾರದ ಶೇರ್‌ಘಾಟಿಯಲ್ಲಿ 1865ರಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ. ಆ ಕಲ್ಲು ಮಂಗಳಗ್ರಹದ್ದೆಂದು ಈಗ ತಿಳಿದಿದೆ.

ನನ್ನನ್ನು ನಾಚಿಸಿದ್ದು ಮಾತ್ರ ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ. ಅಲ್ಲಿಯ ಗ್ರಾನೈಟ್ ನಮ್ಮ ಮಧುಗಿರಿ ಬೆಟ್ಟದ ಕಲ್ಲಿನಷ್ಟೇ ಹಳೆಯದು, ಸುಮಾರು 250 ಕೋಟಿ ವರ್ಷ. ಕುಳಿ ಬಹುತೇಕ ಸವೆದು ಹೋಗಿದೆ, ನೋಡಿದರೆ ಉಲ್ಕೆಯ ನೆನಪೂ ಬಾರದು. ಆದರೂ ಬೆಣಚಿನ ಕಾಳಿನಲ್ಲಿ ಆ ಗೆರೆಗಳು ಸಿಕ್ಕವು. ಗುಂಡಿಯೇ ಕಾಣದ ಕಡೆ ಉಲ್ಕೆ ಬಿದ್ದಿತ್ತು. ಗುಂಡಿ ಕಂಡ ಕಡೆ ನಾನು ಬೀಳಿಸಿದ್ದೆ.

ಅಂದು ಬರೆದುಕೊಂಡವರಲ್ಲಿ ಕೆಲವರು ಈಗ ನಮ್ಮಲ್ಲೇ ಪ್ರಥಮ ಪಿಯುಸಿಯಲ್ಲಿದ್ದಾರೆ. ನೋಟ್ಸ್ ಇನ್ನೂ ಇದ್ದರೆ ದಯವಿಟ್ಟು ಆ ಸಾಲು ಹೊಡೆದುಹಾಕಿ. ಚಾರ್ಟ್ ನಾನು ತೆಗೆದಿದ್ದೇನೆ.